ಕ್ಯಾಸೆಟ್‌ನಲ್ಲಿ ಕೇಳಿದ ಹಾಡೇ ಬೇರೆ, ಈಗ ಸಿಗೋ ಹಾಡೇ ಬೇರೆ. ನಿಮಗೂ ಹೀಗೆ ಅನ್ನಿಸಿದೆಯಾ?

ತುಮಕೂರು_ಟೇಪು
ಎಲ್ಲರಿಗೂ ನಮಸ್ಕಾರ. 70, 80ರ ದಶಕದ ಭಾವಗೀತೆ, ಸಿನಿಮಾ ಹಾಡುಗಳನ್ನು ಈಗ ಮೊಬೈಲ್‌ನಲ್ಲಿ ಹುಡುಕಿ ಹುಡುಕಿ ಕೇಳ್ತಾ ಇದ್ದೇನೆ. ಹಾಡಿನ ಹೆಸರು ಹಾಕಿದರೆ ಸಾಲಾಗಿ ಬರುತ್ತವೆ. ಆದರೆ ಅರ್ಧಕ್ಕರ್ಧ ನಾನು ಕೇಳಿದ್ದ ಹಾಡೇ ಅಲ್ಲ! ಸಾಹಿತ್ಯ ಅದೇ, ದನಿ ಬೇರೆ. ದನಿ ಅದೇ ಆದರೆ ತಬಲಾ ಇದ್ದ ಕಡೆ ಕೀಬೋರ್ಡಿನ ಟಕ್ ಟಕ್. ಎರಡೂ ಸರಿ ಇದ್ದರೆ ಗಾಯಕರಿಗೆ ನೆಗಡಿ ಆದ ಹಾಗೆ ಕೇಳುತ್ತದೆ.

ಉದಾಹರಣೆಗೆ 'ನಿತ್ಯೋತ್ಸವ' ಕ್ಯಾಸೆಟ್. ನಿಸಾರ್ ಅಹಮದ್ ಕವಿತೆಗಳು, ಮೈಸೂರು ಅನಂತಸ್ವಾಮಿ ಸಂಗೀತ, 1978ರಲ್ಲಿ ಬಂದದ್ದು. ಅದರ ಹೆಸರಿನ ಹಾಡನ್ನು ಹುಡುಕಿದರೆ ಶಾಲಾ ಮಕ್ಕಳು, ರಾಜ್ಯೋತ್ಸವದ ವೇದಿಕೆ, ಕ್ಯಾರಿಯೋಕೆ, ಎಲ್ಲ ಸಿಗುತ್ತೆ. ನಮ್ಮ ಮನೆಯ ಕ್ಯಾಸೆಟ್‌ನಲ್ಲಿ ಇದ್ದದ್ದು ಮಾತ್ರ ಎಲ್ಲೋ ಕೆಳಗೆ ಹೂತುಹೋಗಿರುತ್ತೆ.

ಎರಡು ಪ್ರಶ್ನೆ. ಮೂಲ ರೆಕಾರ್ಡಿಂಗ್ ಯಾವುದು ಅಂತ ಗುರುತಿಸೋದು ಹೇಗೆ? ಮನೆಯಲ್ಲಿರೋ ಹಳೇ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸೋದು ಹೇಗೆ? "ಹಾಡು ಬದಲಾಗಿಲ್ಲ, ನಿಮ್ಮ ಕಿವಿ ಹೋಗಿದೆ" ಅನ್ನೋದು ನನ್ನ ಹೆಂಡತಿಯ ವಾದ. ಅದನ್ನು ಬಿಟ್ಟು ಬೇರೆ ಉತ್ತರ ಬೇಕು.

ಗೊಂಬೆಯೂರು
ನಾನು ಅತ್ತಿಗೆ ಪಾರ್ಟಿ.

ರೀಲ್_ರಂಗಣ್ಣ
ಕಿವಿ ಸರಿಯಾಗೇ ಇದೆ ಸಾರ್, ಚಿಂತೆ ಮಾಡಬೇಡಿ. ಇದರಲ್ಲಿ ಅರ್ಧ ಕಥೆ ಕಾನೂನಿನದ್ದು. ಹಾಡಿನಲ್ಲಿ ಒಂದೇ ಹಕ್ಕು ಇರೋದಿಲ್ಲ. ಸಾಹಿತ್ಯದ್ದು ಒಂದು, ಸಂಗೀತದ್ದು ಒಂದು, ಆ ಧ್ವನಿಮುದ್ರಣದ್ದು ಇನ್ನೊಂದು. ಮೂಲ ರೆಕಾರ್ಡಿಂಗ್ ಒಂದು ಕಂಪನಿಯ ಕೈಲಿದ್ದರೂ, ಇನ್ನೊಂದು ಕಂಪನಿ ನೋಟಿಸ್ ಕೊಟ್ಟು, ರಾಯಲ್ಟಿ ಕಟ್ಟಿ ಅದೇ ಹಾಡನ್ನು ಬೇರೆಯವರಿಂದ ಹಾಡಿಸಿ ಮಾರಬಹುದಿತ್ತು. ಕ್ಯಾಸೆಟ್ ಕಾಲದಲ್ಲಿ ದೇಶದ ತುಂಬಾ ಈ ವ್ಯಾಪಾರ ಜೋರಾಗಿತ್ತು. ಹೊಸ ಹುಡುಗರು ಹಾಡಿರೋರು, ಕವರ್ ಮೇಲೆ ಮಾತ್ರ ದೊಡ್ಡ ಹೀರೋ ಫೋಟೋ!

2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು. ಮೂಲ ಹಾಡು ರೆಕಾರ್ಡ್ ಆದ ವರ್ಷ ಮುಗಿದು ಐದು ವರ್ಷ ಆಗೋ ತನಕ ಕವರ್ ವರ್ಷನ್, ಅಂದರೆ ಹೀಗೆ ಬೇರೆಯವರಿಂದ ಮತ್ತೆ ಹಾಡಿಸಿದ್ದು, ಮಾಡುವ ಹಾಗಿಲ್ಲ. ಮಾಡಿದರೂ ಮೇಲೆ 'ಕವರ್ ವರ್ಷನ್' ಅಂತ ಬರೆಯಲೇಬೇಕು, ಮೂಲ ಗಾಯಕರ ಹೆಸರು, ಫೋಟೋ ಹಾಕಬಾರದು. ಅಷ್ಟು ಹೊತ್ತಿಗೆ ಹಳೇ ಸರಕೆಲ್ಲ ಸಿಡಿಗೆ ಏರಿ, ಸಿಡಿಯಿಂದ ಎಂಪಿ3 ಆಗಿ, ಎಲ್ಲ ಕಲಸಿಹೋಗಿತ್ತು.

ವೀಣೆ_ಬಸವನಗುಡಿ
ಆ 'ನೆಗಡಿ ಆದ ದನಿ'ಗೆ ನನ್ನ ಹತ್ತಿರ ಉತ್ತರ ಇದೆ. ಸಂಗೀತ ಪಾಠ ಮಾಡ್ತೀನಿ, ಹಾಗಾಗಿ ಶ್ರುತಿ ವಿಷಯ ಬೇಗ ಗೊತ್ತಾಗುತ್ತೆ.

ಕ್ಯಾಸೆಟ್ ಪ್ಲೇಯರಿನಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಬೆಲ್ಟ್ ಹಳೆಯದಾದರೆ, ಮೋಟಾರಿನ ಸ್ಕ್ರೂ ಯಾರಾದರೂ ತಿರುಗಿಸಿದ್ದರೆ ಆ ಲೆಕ್ಕ ತಪ್ಪುತ್ತೆ. ಜೋರಾಗಿ ಓಡೋ ಪ್ಲೇಯರಿನಿಂದ ಕಂಪ್ಯೂಟರಿಗೆ ಇಳಿಸಿದ ಹಾಡು ಚೂರು ಬೇಗ ಮುಗಿಯುತ್ತೆ, ಶ್ರುತಿ ಮೇಲೇರುತ್ತೆ, ದನಿ ತೆಳುವಾಗುತ್ತೆ. ನಿಧಾನ ಓಡಿದರೆ ಉಲ್ಟಾ, ದನಿ ಭಾರ. ಸುಮ್ನೆ ಹಾಡಿನ ಅವಧಿ ನೋಡಿ. ಒಂದು ಕಡೆ 4 ನಿಮಿಷ 25 ಸೆಕೆಂಡ್ ಇರೋ ಹಾಡು ಇನ್ನೊಂದು ಕಡೆ 4 ನಿಮಿಷ 10 ಸೆಕೆಂಡಿಗೇ ಪೂರ್ತಿ ಮುಗಿದರೆ ಶೇ 6ರಷ್ಟು ವೇಗ ಜಾಸ್ತಿ. ಅಂದರೆ ಹೆಚ್ಚುಕಡಿಮೆ ಅರ್ಧ ಸ್ವರ ಮೇಲೆ. ಹಾರ್ಮೋನಿಯಂ ಮೇಲೆ ಒಂದು ಮನೆ ದಾಟಿದ ಹಾಗೆ ಲೆಕ್ಕ. ಎಸ್. ಜಾನಕಿ ಅವರ ದನಿ ಅಷ್ಟು ಮೇಲಕ್ಕೆ ಹೋದರೆ ಪುಟ್ಟ ಮಗು ಹಾಡಿದಂತೆ ಕೇಳುತ್ತೆ.

ಇನ್ನು ಕೆಲವರು ಕಂಪನಿಯವರ ಕಣ್ಣು ತಪ್ಪಿಸಲು ಬೇಕಂತಲೇ ವೇಗ ಬದಲಿಸಿ ಹಾಕ್ತಾರೆ. ಅದಕ್ಕೆ ಮದ್ದಿಲ್ಲ.

ತುಮಕೂರು_ಟೇಪು
ಮೇಡಂ, ಈ ಅವಧಿ ನೋಡೋ ಉಪಾಯ ಚೆನ್ನಾಗಿದೆ. ಇವತ್ತೇ ಕೂತು ನೋಡ್ತೀನಿ.

ಮಂಡ್ಯ_ಮಾವ
ಅವಧಿ ಒಂದನ್ನೇ ನಂಬಬೇಡಿ. ಸಿನಿಮಾದಲ್ಲಿರೋ ಹಾಡಿಗೂ ರೆಕಾರ್ಡಿಗೆ ಬಂದ ಹಾಡಿಗೂ ವ್ಯತ್ಯಾಸ ಇರುತ್ತೆ. 78 ಆರ್‌ಪಿಎಂ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡೀತಿದ್ದದ್ದೇ ಮೂರು, ಮೂರೂವರೆ ನಿಮಿಷ. ಉದ್ದ ಹಾಡಾದರೆ ಒಂದು ಚರಣ ಹಾರಿಸೋರು. ಇಲ್ಲಾಂದ್ರೆ ಎರಡು ಮಗ್ಗುಲಿಗೆ ಹಂಚೋರು. ಸಿನಿಮಾದಲ್ಲಿ ಕೊಳಲಿನ ಬಿಟ್ ಉದ್ದ ಇರುತ್ತೆ, ಮಧ್ಯೆ ನಾಯಕಿ ನಗು ಇರುತ್ತೆ, ಬಸ್ಸಿನ ಹಾರ್ನೂ ಇರುತ್ತೆ. ನಾನಂತೂ ಸಿನಿಮಾದಲ್ಲಿದ್ದದ್ದೇ ಅಸಲಿ ಅಂತೀನಿ.

ರೀಲ್_ರಂಗಣ್ಣ
ಇಲ್ಲ ಮಾವ. ಗಾಯಕರು ಹಾಡಿದ್ದು ಸ್ಟುಡಿಯೋದಲ್ಲಿ, ತಟ್ಟೆಗೆ ಬಂದದ್ದೇ ಶುದ್ಧ.

ಮಂಡ್ಯ_ಮಾವ
ಶುದ್ಧ ನೀವೇ ಇಟ್ಟುಕೊಳ್ಳಿ, ನನಗೆ ಹಾರ್ನ್ ಇರೋದೇ ಬೇಕು.

ಅಣ್ಣಾವ್ರ_ಹುಡುಗ
ಗುರುತಿಸೋ ವಿಷಯ ಬಂತಲ್ಲ, ನನ್ನ ಸಿಟ್ಟು ಇಲ್ಲೇ ಹೇಳಿಬಿಡ್ತೀನಿ. ಈ ಆ್ಯಪ್‌ಗಳಲ್ಲಿ ಗಾಯಕರ ಹೆಸರು ಹಾಕೋರು ಯಾರು ಸ್ವಾಮಿ? 'ನಾವಾಡುವ ನುಡಿಯೇ' ಹಾಡಿಗೆ ರಾಜ್‌ಕುಮಾರ್ ಹೆಸರು ಹಾಕಿದ್ದನ್ನು ನೋಡಿದ್ದೇನೆ. ಆ ಹಾಡಿರೋ ಸಿನಿಮಾ ಗಂಧದ ಗುಡಿ, 1973ರದ್ದು. ಹಾಡಿದ್ದು ಪಿ.ಬಿ. ಶ್ರೀನಿವಾಸ್. ಸಂಗೀತ ರಾಜನ್-ನಾಗೇಂದ್ರ. ಅಣ್ಣಾವ್ರು ಹಾಡೋಕೆ ಶುರು ಮಾಡಿದ್ದೇ ಮುಂದಿನ ವರ್ಷ, 1974ರ ಸಂಪತ್ತಿಗೆ ಸವಾಲ್‌ನಲ್ಲಿ.

ಹಳೇ_ಟಾಕೀಸ್
ಶುರು ಮಾಡಿದ್ದು ಅಲ್ಲ, ಕಾಯಂ ಆಗಿದ್ದು ಅನ್ನಿ. 1956ರ ಓಹಿಲೇಶ್ವರದಲ್ಲೇ ಹಾಡಿದ್ದಾರೆ. 1959ರ ಮಹಿಷಾಸುರ ಮರ್ದಿನಿಯಲ್ಲಿ ಎಸ್. ಜಾನಕಿ ಜೊತೆ ಯುಗಳ ಗೀತೆ ಇದೆ.

ಅಣ್ಣಾವ್ರ_ಹುಡುಗ
ಅದು ಯಾರಿಗೆ ಗೊತ್ತಿಲ್ಲ ಸಾರ್. ನಾನು ಹೇಳಿದ್ದು ಸಂಪತ್ತಿಗೆ ಸವಾಲ್‌ನ ಎಮ್ಮೆ ಹಾಡಿನ ಮೇಲಿಂದ ಪೂರ್ಣಾವಧಿ ಗಾಯಕ ಆದ ಬಗ್ಗೆ.

ಹಳೇ_ಟಾಕೀಸ್
ಸರಿ ಸರಿ. ಅದಕ್ಕೆ ಸಂಗೀತ ಜಿ.ಕೆ. ವೆಂಕಟೇಶ್ ಅನ್ನೋದನ್ನೂ ಸೇರಿಸಿಬಿಡಿ. ಅವರ ಹೆಸರು ಎಲ್ಲರೂ ಮರೀತಾರೆ. ಇಳಯರಾಜ ಕೆಲಸ ಕಲಿತದ್ದು ಅವರ ಕೈಕೆಳಗೆ.

ಜೆಪಿನಗರ_ಜಾಣೆ
ಇಳಯರಾಜ ಅಂದಾಗ ನೆನಪಾಯ್ತು. ನಾನು ಹುಟ್ಟಿದ್ದು 90ರ ದಶಕದ ಕೊನೆಗೆ, ಬೈಬೇಡಿ. 'ಪಲ್ಲವಿ ಅನುಪಲ್ಲವಿ'ಯ ಆ ಟ್ಯೂನು ನನಗೆ ಮೊದಲು ಗೊತ್ತಾದದ್ದು ಐಡಿಯಾ ಮೊಬೈಲ್ ಕಂಪನಿಯ ಜಾಹೀರಾತಿನಿಂದ! ಅದು 1983ರ ಕನ್ನಡ ಸಿನಿಮಾದ್ದು, ಮಣಿರತ್ನಂ ಅವರ ಮೊದಲ ಸಿನಿಮಾ ಅಂತ ಗೊತ್ತಾದಾಗ ದಂಗಾದೆ. ಆಮೇಲೆ ಗೀತಾ (1981) ಕೇಳಿದೆ. 'ಜೊತೆಯಲಿ' ಹಾಡಿನ ರಾಗವೇ 2007ರ ಹಿಂದಿ ಚೀನಿ ಕಮ್‌ನಲ್ಲೂ ಇದೆ. ಈಗ ಹಿಂದಕ್ಕೆ ಹಿಂದಕ್ಕೆ ಹೋಗ್ತಾ ಇದ್ದೇನೆ. ನಿಮಗೆಲ್ಲ ಇದು ನೆನಪು, ನನಗೆ ಹೊಸ ಹಾಡು. ಹಾಗಾಗಿ "ವಯಸ್ಸಾಯ್ತು ಅಂತ ಇಷ್ಟ ಆಗುತ್ತೆ" ಅನ್ನೋ ವಾದ ನನ್ನ ಹತ್ತಿರ ನಡೆಯೋಲ್ಲ.

ಗೊಂಬೆಯೂರು
ಸೋಸಿ ಉಳಿದದ್ದನ್ನು ನೀವು ಕೇಳ್ತಾ ಇದ್ದೀರಿ ಅಷ್ಟೇ ಜಾಣೆ. 1981ರಲ್ಲಿ ಕೆಟ್ಟ ಹಾಡು ಬರಲಿಲ್ವಾ? ರಾಶಿ ರಾಶಿ ಬಂದವು. ಅವನ್ನು ಯಾರೂ ಜಾಹೀರಾತಿಗೆ ಹಾಕೋದಿಲ್ಲ. ನಮ್ಮ ಕಾಲ ಚಿನ್ನದ ಕಾಲ ಅಂತ ಇವರೆಲ್ಲ ಹೇಳೋದು ಇದೇ ಕಾರಣಕ್ಕೆ.

ಮಂಡ್ಯ_ಮಾವ
ಈ ವಾದಕ್ಕೆ ನಂದೂ ಒಂದು. 1987ರಲ್ಲಿ ಪ್ರೇಮಲೋಕ ಬಂದಾಗ ನಮ್ಮಪ್ಪ "ಇದೂ ಒಂದು ಹಾಡಾ, ಸಾಹಿತ್ಯ ಎಲ್ಲಿದೆ" ಅಂತ ಟೇಪ್ ಆಫ್ ಮಾಡಿಸೋರು. ಹಂಸಲೇಖ ಬಂದು ಕನ್ನಡ ಹಾಡು ಕೆಟ್ಟಿತು ಅಂತ ಅವರ ತೀರ್ಮಾನ. ಈಗ ಅದೇ ಪ್ರೇಮಲೋಕವನ್ನು ನಾವು ಕ್ಲಾಸಿಕ್ ಅಂತೀವಿ.

ಹಳೇ_ಟಾಕೀಸ್
ನಿಮ್ಮಪ್ಪ ಹೇಳಿದ್ದು ಸರಿ. ರಾಜನ್-ನಾಗೇಂದ್ರ ಜೋಡಿಯ 'ಎರಡು ಕನಸು', 'ನಾ ನಿನ್ನ ಮರೆಯಲಾರೆ' ಕೇಳಿ, ಆಮೇಲೆ ಮಾತಾಡಿ.

ಮಂಡ್ಯ_ಮಾವ
ಸಾಹಿತ್ಯ, ಸಂಗೀತ ಎರಡನ್ನೂ ಒಬ್ಬನೇ ಮನುಷ್ಯ ಮಾಡಿ, ಹಳ್ಳಿ ಹೈಕಳ ಬಾಯಲ್ಲೂ ಕಾಲೇಜು ಹುಡುಗಿಯರ ಬಾಯಲ್ಲೂ ಒಂದೇ ಹಾಡು ಆಡಿಸಿದ್ದು ಕಡಿಮೆ ಮಾತಲ್ಲ. ಇದರ ಬಗ್ಗೆ ನಾನು ಸೋಲೋದಿಲ್ಲ.

ಧಾರವಾಡ_ಫೇಡೆ
ನಿಮ್ಮ ಜಗಳ ಮುಗೀತಾ? ಹಳೇ ಸಂಗೀತ ಅಂದರೆ ಗಾಂಧಿನಗರ ಒಂದೇ ಅಂತ ತಿಳಕೊಂಡೀರೇನ್ರಿ? ನಮ್ಮ ಕಡೆ ಮನೆಮನೆಗೆ ಬೆಳಿಗ್ಗೆ ಧಾರವಾಡ ಆಕಾಶವಾಣಿ ಹಚ್ಚುತ್ತಿದ್ದರು. 1950ರಿಂದ ಇರುವ ಕೇಂದ್ರ ಅದು. ಮಲ್ಲಿಕಾರ್ಜುನ ಮನ್ಸೂರರ 'ಅಕ್ಕ ಕೇಳವ್ವಾ', ಬಸವರಾಜ ರಾಜಗುರುಗಳ ವಚನ ಕೇಳಿ ಹಲ್ಲುಜ್ಜಿದವರು ನಾವು. ಹಿಂದುಸ್ತಾನಿ ಅಂತ ಗೊತ್ತಾಗುವ ಮೊದಲೇ ಬಾಯಿಪಾಠ ಆಗಿತ್ತು.

ಇನ್ನೊಂದು ಹೆಸರು ಹೇಳ್ತೇನೆ. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ. ಹಿಂದಿಯ ಕಿಸ್ಮತ್ (1943) ಸಿನಿಮಾದಲ್ಲಿ ಹಾಡಿ ದೇಶಕ್ಕೆಲ್ಲ ಗೊತ್ತಾದ ದನಿ. ಅವರ ಅಕ್ಕ ಗೋಹರಬಾಯಿ ಸಹ ದೊಡ್ಡ ಗಾಯಕಿ. ಇವರ ಕನ್ನಡ ತಟ್ಟೆಗಳು ಇವೆ. ಎಷ್ಟು ಜನ ಹುಡುಕಿದ್ದೀರಿ? ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್‌ನವರು ಗ್ರಾಮಫೋನ್ ಕಾಲದ ತಟ್ಟೆಗಳನ್ನು ಡಿಜಿಟಲ್ ಮಾಡಿ ಬಿಟ್ಟಿಯಾಗಿ ಕೇಳಲು ಇಟ್ಟಿದ್ದಾರೆ. ಹೋಗಿ ನೋಡ್ರಿ.

ವೀಣೆ_ಬಸವನಗುಡಿ
ಬೀಳಗಿ ಅಕ್ಕತಂಗಿಯರ ಹೆಸರು ತಂದಿದ್ದಕ್ಕೆ ಧನ್ಯವಾದ. ಹಿಂದಿಯವರು ಅವರನ್ನು ನೆನಪಿಟ್ಟುಕೊಂಡಷ್ಟು ನಾವು ಇಟ್ಟುಕೊಂಡಿಲ್ಲ.

ಕುಂದಾಪ್ರ_ಮಾಣಿ
ಹಾಗಾದರೆ ನಮ್ಮದೂ ಒಂದು ಬರಲಿ ಮಾರಾಯ್ರೆ. ಕಾಳಿಂಗ ನಾವಡರು. ಯಕ್ಷಗಾನ ಗೊತ್ತಿಲ್ಲದವರಿಗೆ ಹೇಳೋದಾದರೆ, ಬಡಗುತಿಟ್ಟು ಅನ್ನೋ ಶೈಲಿಯ ಭಾಗವತರು, ಅಂದರೆ ಆಟದಲ್ಲಿ ಪದ್ಯ ಹಾಡುವವರು. 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದರು, ಇನ್ನೂ ಮೂವತ್ತರ ಆಸುಪಾಸಿನ ವಯಸ್ಸು. ನಮ್ಮ ಮಾವ ಆಟಕ್ಕೆ ಹೋಗುವಾಗ ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು, ಜೇಬಿನಲ್ಲಿ ಸೆಲ್ ತುಂಬಿಕೊಂಡು ಹೋಗುತ್ತಿದ್ದರು. ರಂಗಸ್ಥಳದ ಪಕ್ಕ ಕೂತು ರೆಕಾರ್ಡ್. 'ನೀಲಗಗನದೊಳು' ಪದ್ಯ ಬರುವ ಹೊತ್ತಿಗೆ ಸರಿಯಾಗಿ ಟೇಪಿನ ಮಗ್ಗುಲು ಮುಗಿದು ಟಪ್ ಅಂತ ನಿಂತಿದೆ. ತಿರುಗಿಸಿ ಹಾಕುವಾಗ ಹೋದ ಆ ಎರಡು ಸಾಲು ನಮ್ಮ ಮನೆಯ ಪ್ರತಿಯಲ್ಲಿ ಇವತ್ತಿಗೂ ಇಲ್ಲ. ಆಮೇಲೆ ಚೆಂಡೆ ಸದ್ದು, ಯಾರೋ ಕೆಮ್ಮಿದ್ದು, ಹಿಂದೆ ಕಡಲೆ ಮಾರುವವನ ಕೂಗು. ಆನ್‌ಲೈನಲ್ಲಿ ಇದಕ್ಕಿಂತ ಚೆನ್ನಾಗಿರೋ ಪ್ರತಿ ಸಿಗುತ್ತದೆ. ಆದರೂ ನಾನು ಕೇಳೋದು ಮನೇದೇ.

ಜೆಪಿನಗರ_ಜಾಣೆ
ಆ ಎರಡು ಸಾಲು ಎಲ್ಲಿಂದಾದರೂ ತಂದು ಜೋಡಿಸಬಹುದಲ್ವಾ?

ಕುಂದಾಪ್ರ_ಮಾಣಿ
ಜೋಡಿಸಬಹುದು. ಮಾವ ಒಪ್ಪಬೇಕಲ್ಲ!

ಸೋಲ್ಡರಿಂಗ್_ಸೋಮಣ್ಣ
ಮೂಲ ಪ್ರಶ್ನೆಯ ಎರಡನೇ ಭಾಗಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ರೇಡಿಯೋ, ಟೇಪ್ ರಿಪೇರಿ ಕೆಲಸದಲ್ಲೇ ಇದ್ದೇನೆ, ಹೇಳ್ತೀನಿ ಕೇಳಿ.

ಮೊದಲು ಟೇಪನ್ನು ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಬಿಳಿ ಪುಡಿ ಇದ್ದರೆ ಅದು ಬೂಸ್ಟು. ಅದನ್ನು ಒಳ್ಳೆ ಪ್ಲೇಯರಿಗೆ ಹಾಕಲೇಬೇಡಿ, ಮಿಕ್ಕ ಟೇಪುಗಳಿಗೂ ಹರಡುತ್ತೆ. ಚೆನ್ನಾಗಿರೋ ಟೇಪಾದರೂ ಹಾಕಿದ ತಕ್ಷಣ ಪ್ಲೇ ಒತ್ತಬೇಡಿ. ವರ್ಷಗಟ್ಟಲೆ ಸುಮ್ನೆ ಬಿದ್ದಿರುತ್ತೆ, ಸುರುಳಿ ಒಂದಕ್ಕೊಂದು ಅಂಟಿರುತ್ತೆ. ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಓಡಿಸಿ. ಅಂಟು ಜಾಸ್ತಿ ಅನ್ನಿಸಿದರೆ ಪೆನ್ಸಿಲ್ ಹಾಕಿ ಕೈಯಲ್ಲೇ ತಿರುಗಿಸಿ.

ಆಮೇಲೆ ಕ್ಯಾಸೆಟ್ ಬಾಯಿಯ ಮಧ್ಯೆ ತಾಮ್ರದ ತಗಡಿನ ಮೇಲೆ ಪುಟ್ಟ ಉಣ್ಣೆಯ ತುಂಡು ಇರುತ್ತೆ, ನೋಡಿ. ಟೇಪನ್ನು ಹೆಡ್ಡಿಗೆ, ಅಂದರೆ ಪ್ಲೇಯರಿನಲ್ಲಿ ಟೇಪಿನಿಂದ ಹಾಡು ಓದೋ ಭಾಗಕ್ಕೆ, ಒತ್ತಿ ಹಿಡಿಯೋದು ಅದೇ. ಅಂಟು ಒಣಗಿ ಅದು ಉದುರಿಹೋಗಿದ್ದರೆ ದನಿ ದೂರದಿಂದ ಬಂದ ಹಾಗೆ ಕೇಳುತ್ತೆ, ಬರ್ತಾ ಹೋಗ್ತಾ ಇರುತ್ತೆ. ಹಾಡು ಹಾಳಾಯ್ತು ಅಂತ ಎಸೆಯಬೇಡಿ. ಬೇಡದ ಕ್ಯಾಸೆಟ್ ಒಂದನ್ನು ಬಿಚ್ಚಿ, ಸುರುಳಿಯನ್ನು ಅದರ ಡಬ್ಬಿಗೆ ಹಾಕಿ. ಐದು ಸ್ಕ್ರೂ ಇರೋದಾದರೆ ಸುಲಭ. ಸ್ಕ್ರೂ ಇಲ್ಲದ ಅಂಟಿಸಿದ ಡಬ್ಬಿಯನ್ನು ಚಾಕುವಿನಿಂದ ಹುಷಾರಾಗಿ ಬಿಡಿಸಬೇಕು.

ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಕಂದು ಕೊಳೆ ಬರೋದು ನಿಲ್ಲೋ ತನಕ. ಪ್ಲೇಯರಿನಿಂದ ವೈರು ಲ್ಯಾಪ್‌ಟಾಪಿನ ಮೈಕ್ ತೂತಿಗೆ ಹಾಕಬೇಡಿ, ಬಹಳ ಲ್ಯಾಪ್‌ಟಾಪಿನಲ್ಲಿ ಅದು ಮೋನೋ, ಎಡ ಬಲ ಎರಡೂ ಸೇರಿ ಒಂದೇ ಆಗಿಬಿಡುತ್ತೆ. ಲೈನ್-ಇನ್ (ಪ್ಲೇಯರಿನ ವೈರು ಹಾಕೋ ತೂತು) ಇರೋ ಯುಎಸ್‌ಬಿ ಡಬ್ಬಿ ಸಿಗುತ್ತೆ, ಅದು ತಗೊಳ್ಳಿ. ಆಡಾಸಿಟಿ ಅನ್ನೋ ಸಾಫ್ಟ್‌ವೇರ್ ಬಿಟ್ಟಿ. ಮೊದಲು ವೇವ್ ಫೈಲ್ (ಸದ್ದನ್ನು ಕುಗ್ಗಿಸದೆ ಹಾಗೇ ಇಡೋ ಫೈಲ್) ಮಾಡಿ, ಸಿಡಿ ಗುಣಮಟ್ಟದಲ್ಲಿ ಅರ್ಧ ಗಂಟೆಗೆ ಸುಮಾರು 300 ಎಂಬಿ. ಎಂಪಿ3 ಆಮೇಲೆ.

ಟೇಪಿನ ಸುಯ್ ಸದ್ದು ತೆಗೀತೀನಿ ಅಂತ ನಾಯ್ಸ್ ರಿಡಕ್ಷನ್ ಎಳೀಬೇಡಿ. ಸದ್ದಿನ ಜೊತೆ ತಂಬೂರಿಯೂ ಹೋಗುತ್ತೆ, ತಾಳದ ಝಣ್ ಅನ್ನೋದೂ ಹೋಗುತ್ತೆ.

ತುಮಕೂರು_ಟೇಪು
ಸೋಮಣ್ಣ, ದೊಡ್ಡ ಉಪಕಾರ. ನಮ್ಮ ಒಂದು ಭಾವಗೀತೆ ಕ್ಯಾಸೆಟ್ ಬರ್ತಾ ಹೋಗ್ತಾ ಇತ್ತು, ಈಗ ನೋಡಿದರೆ ಆ ಉಣ್ಣೆ ತುಂಡು ಡಬ್ಬಿಯೊಳಗೇ ಬಿದ್ದಿದೆ.

ಶಿರಸಿ_ಅಡಿಕೆ
ನಮ್ಮಲ್ಲಿ ಅಜ್ಜನ ಕಾಲದ ಗ್ರಾಮಫೋನ್ ತಟ್ಟೆಗಳಿವೆ. ಅದಕ್ಕೂ ಇದೇ ಆಲ್ಕೋಹಾಲ್ ಹಚ್ಚಿ ಒರೆಸಬಹುದಾ?

ಸೋಲ್ಡರಿಂಗ್_ಸೋಮಣ್ಣ
ಅಯ್ಯೋ ಬೇಡ! ನಿಲ್ಲಿ! 78ರ ಹಳೇ ತಟ್ಟೆ ಅರಗಿನದ್ದು. ಸ್ಪಿರಿಟ್ ಬಿದ್ದರೆ ಅರಗು ಕರಗುತ್ತೆ, ಹಾಡೂ ಅದರ ಜೊತೆ ಹೋಗುತ್ತೆ. ಒಣ ಮೆತ್ತನೆ ಬ್ರಷ್ ಸಾಕು. ಆಮೇಲೆ ಬಂದ ಎಲ್‌ಪಿ ತಟ್ಟೆಯ ಸೂಜಿಯನ್ನೂ ಅದಕ್ಕೆ ಇಡಬೇಡಿ. 78ರ ಗೀರು ಅಗಲ, ಎಲ್‌ಪಿ ಸೂಜಿ ತಳಕ್ಕೆ ಇಳಿದು ಬರೀ ಕರಕರ ಅನ್ನುತ್ತೆ. 78ಕ್ಕೆ ಅಂತಲೇ ಬೇರೆ ಸೂಜಿ ಬರುತ್ತೆ.

ಶಿರಸಿ_ಅಡಿಕೆ
ಹತ್ತಿ ಕೈಯಲ್ಲಿ ಹಿಡಿದು ಕೂತಿದ್ದೆ ಮಾರಾಯ್ರೆ. ಒಳ್ಳೆ ಹೊತ್ತಿಗೆ ಹೇಳಿದಿರಿ.

ನ್ಯೂಜೆರ್ಸಿ_ನಂಜುಂಡ
ಸಿಡಿ ಮಾಡಿಸಿ ಕ್ಯಾಸೆಟ್ ಎಸೆದವರು ಇಲ್ಲಿ ಬಹಳ ಜನ. ಸಿ. ಅಶ್ವತ್ಥ್ ಅವರ ಷರೀಫರ ಪದಗಳ ಕ್ಯಾಸೆಟ್ ಇದ್ದವರ ಮನೆಗೆ ಇಲ್ಲಿನ ಕನ್ನಡದವರು ಊಟಕ್ಕೆ ಹೋಗೋದೇ ಕಾಪಿ ಮಾಡಿಕೊಳ್ಳೋಕೆ ಅನ್ನೋ ಕಾಲ ಇತ್ತು. ಕಾಪಿಯ ಕಾಪಿಯ ಕಾಪಿ. ಮೂರನೇ ಮನೆ ದಾಟುವ ಹೊತ್ತಿಗೆ ಅಶ್ವತ್ಥ್ ಕಂಬಳಿ ಹೊದ್ದು ಹಾಡ್ತಿದ್ದರು. ಈಗ ಚೊಕ್ಕ ಪ್ರತಿ ಕೇಳಿದರೆ ಹಿಂದೆ ಇಷ್ಟೆಲ್ಲ ವಾದ್ಯ ಇತ್ತಾ ಅನ್ನಿಸುತ್ತೆ. ಹಾಗಾಗಿ ನಾನು ಮೂಲ ಪೋಸ್ಟಿಗೆ ಉಲ್ಟಾ. ನನಗೆ ಈಗ ಸಿಗೋದೇ ಉತ್ತಮ.

ನನ್ನದೊಂದು ಪ್ರಶ್ನೆ. ನನ್ನ ಹತ್ತಿರ ಬೇರೆಲ್ಲೂ ಸಿಗದ ಕೆಲವು ಟೇಪು ಇವೆ. ಎಲ್ಲರಿಗೂ ಕೇಳಲಿ ಅಂತ ನೆಟ್‌ಗೆ ಹಾಕಬಹುದಾ? ಕೇಸ್ ಹಾಕ್ತಾರಾ?

ರೀಲ್_ರಂಗಣ್ಣ
ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ವರ್ಷದ ಮುಂದಿನ ಜನವರಿಯಿಂದ 60 ವರ್ಷ. ಅದು ಮುಗಿದರೂ ಸಾಹಿತ್ಯದ ಲೆಕ್ಕ ಬೇರೆ, ಕವಿ ತೀರಿಕೊಂಡ ಮೇಲೆ 60 ವರ್ಷ. ಶಿಶುನಾಳ ಷರೀಫರು 1889ರಲ್ಲೇ ಹೋದವರು, ಅವರ ಪದಕ್ಕೆ ತೊಂದರೆ ಇಲ್ಲ. ಆದರೆ ಅಶ್ವತ್ಥ್ ಹಾಕಿದ ಸಂಗೀತಕ್ಕೆ ಇದೆ, ಅವರು ಹೋದದ್ದು 2009ರಲ್ಲಿ. ಬೇಂದ್ರೆ 1981ರಲ್ಲಿ ಹೋದರು, ಅಂದರೆ 2041ರ ಕೊನೆ ತನಕ ಅವರ ಕವಿತೆಗೆ ಹಕ್ಕು ಇದ್ದೇ ಇರುತ್ತೆ. ನಿಮ್ಮ ದೇಶದ ಕಾನೂನು ಇನ್ನೂ ಬೇರೆ.

ಧಾರವಾಡ_ಫೇಡೆ
ಕಾನೂನು ಸರಿ. ಆದರೆ ಹಕ್ಕು ಇಟ್ಟುಕೊಂಡವರು ಬಿಡುಗಡೆಯನ್ನೂ ಮಾಡೋದಿಲ್ಲ, ಬೇರೆಯವರಿಗೂ ಬಿಡೋದಿಲ್ಲ ಅಂದರೆ ಹಾಡು ಕೇಳೋದು ಯಾರು? ಇದ್ದವರು ಇಳಿಸಿಡಬೇಕು. ನೆಟ್‌ಗೆ ಹಾಕೋದು, ಬಿಡೋದು ಆಮೇಲಿನ ಮಾತು.

ನ್ಯೂಜೆರ್ಸಿ_ನಂಜುಂಡ
ಇಳಿಸಿಡ್ತೀನಿ. ವೇವ್ ಫೈಲ್ ಆಗಿಯೇ.

ಹಳೇ_ಟಾಕೀಸ್
ಕ್ಯಾಸೆಟ್ ಅಂಗಡಿಗೆ ಹಾಡಿನ ಪಟ್ಟಿ ಬರೆದುಕೊಟ್ಟು ರೆಕಾರ್ಡ್ ಮಾಡಿಸಿದ್ದು ಯಾರಿಗೆ ನೆನಪಿದೆ? ಟಿಡಿಕೆ 60. ಮಗ್ಗುಲಿಗೆ ಅರ್ಧ ಗಂಟೆ. ಕೊನೇ ಹಾಡು ಯಾವಾಗಲೂ ಅರ್ಧಕ್ಕೆ ಕಟ್.

ಅಣ್ಣಾವ್ರ_ಹುಡುಗ
ನನಗೆ ಇವತ್ತಿಗೂ ಕೆಲವು ಹಾಡಿನ ಎರಡನೇ ಚರಣ ಬರೋದಿಲ್ಲ ಸಾರ್. ಇದೇ ಕಾರಣ!

ತುಮಕೂರು_ಟೇಪು
ಅಪ್‌ಡೇಟ್: ವೀಣೆ ಮೇಡಂ ಹೇಳಿದ ಹಾಗೆ ಅವಧಿ ಹೋಲಿಸಿದೆ. ನನ್ನ ಪಟ್ಟಿಯಲ್ಲಿ ಬಹುಪಾಲು ವೇಗದ ಸಮಸ್ಯೆಯೇ, ಒಂದೆರಡು ಕವರ್ ವರ್ಷನ್. ಆಡಾಸಿಟಿಯಲ್ಲಿ ವೇಗ ಇಳಿಸಿದ ಮೇಲೆ ಪಿ.ಬಿ.ಎಸ್ ನೆಗಡಿ ವಾಸಿ ಆಯ್ತು. ಮನೆಯವಳಿಗೂ ಕೇಳಿಸಿದೆ. "ಎರಡೂ ಒಂದೇ ಥರ ಇದೆ" ಅಂದಳು.

ಗೊಂಬೆಯೂರು
ಅತ್ತಿಗೆಗೆ ಜೈ.

ಶಿರಸಿ_ಅಡಿಕೆ
78ರ ಸೂಜಿ ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ ಅಂತ ಯಾರಾದರೂ ಹೇಳ್ತೀರಾ? ಭಾನುವಾರದ ಚೋರ್ ಬಜಾರಿಗೆ ಬಂದರೆ ಆಗುತ್ತಾ?

ಸೋಲ್ಡರಿಂಗ್_ಸೋಮಣ್ಣ
ಅಲ್ಲಿ ಸಿಕ್ಕರೂ ಸವೆದದ್ದೇ ಸಿಗೋದು. ಸವೆದ ಸೂಜಿ ತಟ್ಟೆಯನ್ನೇ ಕೆರೆದು ಹಾಕುತ್ತೆ. ನಿಮ್ಮ ಪ್ಲೇಯರ್ ಯಾವುದು ಅಂತ ಮೊದಲು ಹೇಳಿ. ಕೀ ಕೊಡೋ ಗ್ರಾಮಫೋನಾ, ಕರೆಂಟಿನದ್ದಾ? ಕೀ ಕೊಡೋದಾದರೆ ಉಕ್ಕಿನ ಸೂಜಿ, ಪ್ರತಿ ಮಗ್ಗುಲಿಗೂ ಬದಲಾಯಿಸಬೇಕು.

ಶಿರಸಿ_ಅಡಿಕೆ
ಕೀ ಕೊಡೋದು. ಫೋಟೋ ನಾಳೆ ಹಾಕ್ತೀನಿ.

ಮಂಡ್ಯ_ಮಾವ
ಹಂಸಲೇಖ ವಿಷಯ ಇಲ್ಲಿಗೆ ಬಿಟ್ಟೆ ಅಂದುಕೊಂಡ್ರಾ ಟಾಕೀಸ್ ಸಾರ್? ಅದಕ್ಕೆ ಅಂತಲೇ ಬೇರೆ ಚರ್ಚೆ ತೆಗೀತಾ ಇದ್ದೀನಿ, ಅಲ್ಲಿಗೆ ಬನ್ನಿ.